ಪರೀಕ್ಷೆಯ ವರ್ಷ ಯುವ ಕೇಂದ್ರಕ್ಕೆ ಹೋಗುವುದನ್ನು ನಿಲ್ಲಿಸಬೇಕಾ? ಅಲ್ಲಿಗೆ ಹೋದರೆ ಮಾರ್ಕ್ಸ್ ಏನಾದರೂ ಜಾಸ್ತಿ ಆಗುತ್ತಾ?

ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ. "ಸಂಜೆ ಅಲ್ಲಿ ಹೋಗಿ ಕೂರುವ ಬದಲು ಓದಿಕೋ" ಎಂದು ಮನೆಯವರು ಹೇಳುತ್ತಾರೆ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಇದೇ ಮಾತು. ನನಗೂ ಅದು ಸರಿ ಅನ್ನಿಸಿತ್ತು.

ಕೇರಂ, ಟೇಬಲ್ ಟೆನಿಸ್, ನಾಟಕದ ತಾಲೀಮು, ಕೆಲಸದ ಅರ್ಜಿ ಬರೆಯುವುದು ಹೇಗೆ ಅಂತ ಹೇಳಿಕೊಡುವ ತರಗತಿ. ನಾನು ಹೋಗುತ್ತಿದ್ದ ಕೇಂದ್ರದಲ್ಲಿ ಇದ್ದದ್ದು ಇಷ್ಟೇ. ನೋಡಿದವರಿಗೆ ಸುಮ್ನೆ ಕಾಲಹರಣ. ಆದರೆ ಅಲ್ಲಿ ಒಬ್ಬ ಕಾರ್ಯಕರ್ತೆ ಇದ್ದರು, ಎಲ್ಲರಿಗೂ ಅಕ್ಕ. ಅವರು ಮಾರ್ಕ್ಸ್ ಕೇಳುತ್ತಿರಲಿಲ್ಲ. ಆಟದ ಮಧ್ಯೆ ಪಕ್ಕಕ್ಕೆ ಬಂದು, "ಯಾಕೋ ಮಂಕಾಗಿದ್ದೀಯಲ್ಲ" ಎನ್ನುತ್ತಿದ್ದರು. ಹೇಳಿದರೆ ಕೇಳಿಸಿಕೊಳ್ಳುತ್ತಿದ್ದರು. ಹೇಳದಿದ್ದರೆ ಒತ್ತಾಯ ಇಲ್ಲ.

ಪರೀಕ್ಷೆಯ ವರ್ಷ ಬಂತು. ಒಂದು ಮಾತೂ ಹೇಳದೆ ಹೋಗುವುದನ್ನು ಬಿಟ್ಟೆ. ಉಳಿದ ಆ ಹೊತ್ತಿನಲ್ಲಿ ಓದಿದೆನಾ? ಇಲ್ಲ. ಪುಸ್ತಕ ಮುಂದಿಟ್ಟುಕೊಂಡು ಕೂತಿರುತ್ತಿದ್ದೆ. ಆಮೇಲೆ ನಿದ್ದೆ ಕೆಟ್ಟಿತು. ಓದಿದ್ದು ತಲೆಗೆ ಹತ್ತಲಿಲ್ಲ. ಅಪ್ಪ ಅಮ್ಮನಿಗೆ ಹೇಳೋಣ ಅಂದರೆ ಅವರೇ ನನಗಿಂತ ಹೆದರಿದ್ದರು. ಮೇಷ್ಟ್ರಿಗೆ ಹೇಳಿದರೆ ದಡ್ಡ ಅಂದುಕೊಂಡಾರು ಎಂಬ ಭಯ. ಹೇಳಬಹುದಾಗಿದ್ದದ್ದು ಅಕ್ಕನಿಗೆ ಮಾತ್ರ. ಆದರೆ ಹೇಳದೆ ಕೇಳದೆ ಹೋದವನು, ಈಗ ಕಷ್ಟ ಬಂತು ಅಂತ ಹೇಗೆ ಮುಖ ತೋರಿಸಲಿ? ಈ ಸಂಕೋಚವೇ ನನ್ನ ಒಂದು ವರ್ಷ ನುಂಗಿತು. ಅವರು ಬೇಜಾರು ಮಾಡಿಕೊಂಡಿದ್ದಾರೆ ಅಂತ ನಾನೇ ಊಹಿಸಿಕೊಂಡಿದ್ದೆ. ಫೇಲಾದ ಮೇಲೆ ಹೋದರೆ, "ಬಾ, ಕೂತ್ಕೋ" ಅಂದರು, ಅಷ್ಟೇ. ಆಪ್ತ ಸಲಹೆಗಾರರ ಹತ್ತಿರ ಕಳಿಸಿದ್ದು, ಮರುಪರೀಕ್ಷೆಯ ಫಾರ್ಮ್ ತುಂಬಿಸಿದ್ದು ಎಲ್ಲ ಅವರೇ. ಆ ಬಾಗಿಲು ವರ್ಷವಿಡೀ ತೆರೆದೇ ಇತ್ತು.

ಹಾಗಾಗಿ ಮಾರ್ಕ್ಸ್ ಜಾಸ್ತಿ ಆಗುತ್ತಾ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಪ್ಪ ಅಮ್ಮನೂ ಅಲ್ಲದ, ಮೇಷ್ಟ್ರೂ ಅಲ್ಲದ ಒಬ್ಬ ದೊಡ್ಡವರ ಪರಿಚಯ ಕಷ್ಟ ಬರುವ ಮೊದಲೇ ಆಗಿರಬೇಕು. ಕಷ್ಟ ಬಂದ ದಿನ ಹುಡುಕಿದರೆ ಸಿಗುವುದಿಲ್ಲ. ದೊಡ್ಡವರಲ್ಲಿ ಕಾಣುವ ಮಾನಸಿಕ ತೊಂದರೆಗಳಲ್ಲಿ ಸುಮಾರು ಅರ್ಧ 18 ತುಂಬುವ ಮೊದಲೇ ಶುರುವಾಗಿರುತ್ತವೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಶುರುವಾದ ಹೆಡ್‌ಸ್ಪೇಸ್ ಎಂಬ ಸಂಸ್ಥೆಯ ಕೇಂದ್ರಗಳು 12ರಿಂದ 25 ವರ್ಷದವರಿಗೆ ಮನಸ್ಸು, ದೇಹದ ಆರೋಗ್ಯ, ಓದು, ಕೆಲಸ ಎಲ್ಲಕ್ಕೂ ಒಂದೇ ಸೂರಿನಡಿ ಸಹಾಯ ಕೊಡುವುದು ಸುಮ್ನೆ ಅಲ್ಲ. ಈ ವಯಸ್ಸಿನಲ್ಲಿ ಇವೆಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಂಡೇ ಬರುತ್ತವೆ. ಬಿಡುವು ಮತ್ತು ಆಟ ಮಕ್ಕಳ ಹಕ್ಕು ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಹೇಳುತ್ತದೆ. ಪರೀಕ್ಷೆಯ ವರ್ಷ ಬಿಟ್ಟು ಅಂತ ಅದರಲ್ಲಿ ಬರೆದಿಲ್ಲ.

ದಿನಾ ಹೋಗಲು ಆಗದಿದ್ದರೆ ವಾರಕ್ಕೆ ಒಂದು ಸಂಜೆ ಹೋಗಿ. ನೀವು ಹೇಳಿದ್ದನ್ನು ಯಾರಿಗೆ ತಿಳಿಸುತ್ತಾರೆ, ಯಾರಿಗೆ ತಿಳಿಸುವುದಿಲ್ಲ ಅಂತ ಮೊದಲೇ ಕೇಳಿಕೊಳ್ಳಿ. ಜೀವಕ್ಕೆ ಅಪಾಯ ಇದ್ದರೆ ಬೇರೆಯವರಿಗೆ ಹೇಳಲೇಬೇಕಾಗುತ್ತದೆ, ಒಳ್ಳೆಯ ಕೇಂದ್ರ ಅದನ್ನು ಮುಚ್ಚಿಡುವುದಿಲ್ಲ. ಮನೆಯವರ ಜೊತೆ ವಾದ ಬೇಡ. ಒಂದು ಸಂಜೆ ಅವರನ್ನೂ ಕರೆದುಕೊಂಡು ಹೋಗಿ, ಅಲ್ಲಿನವರ ಜೊತೆ ಮಾತಾಡಿಸಿ.