ಮಾಟಗಾತಿಯರೂ ಒಬ್ಬ ಪಾದ್ರಿಯೂ

(ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರ ಪತ್ರದ ಸಾರ: "ಕಳೆದ ಸಂಚಿಕೆಯಲ್ಲಿ ಯುರೋಪಿನ ಮಾಟಗಾತಿ ವಿಚಾರಣೆಗಳ ಬಗ್ಗೆ ಬರೆದವರು ಧರ್ಮದ ಮೇಲೆ ಮೃದುವಾಗಿದ್ದಾರೆ. ಮಧ್ಯಯುಗದಲ್ಲಿ ಚರ್ಚು 90 ಲಕ್ಷ ಹೆಂಗಸರನ್ನು ಸುಟ್ಟಿತು. ವಿಜ್ಞಾನ ಬಂತು, ನಂಬಿಕೆ ಹೋಯಿತು, ಸುಡುವುದೂ ನಿಂತಿತು. ಇಷ್ಟನ್ನು ನೇರವಾಗಿ ಬರೆಯಲು ಭಯವೇ?")

ಮೇಷ್ಟ್ರೇ, ನಮಸ್ಕಾರ.

ಭಯವೇನಿಲ್ಲ. ಆದರೆ ಮೊದಲು ಆ 90 ಲಕ್ಷದ ಲೆಕ್ಕ ನೋಡೋಣ. ಅದು ಹುಟ್ಟಿದ್ದು 1784ರಲ್ಲಿ. ಫೋಯ್ಗ್ಟ್ ಎಂಬ ಜರ್ಮನ್ ವಕೀಲ ತನ್ನ ಊರಿನ ಹಳೇ ಕಡತದಲ್ಲಿ ಸಿಕ್ಕ ಬೆರಳೆಣಿಕೆಯ ಪ್ರಕರಣಗಳನ್ನು ಹಿಡಿದು, ಇಡೀ ಯುರೋಪಿಗೂ ಎಷ್ಟೋ ಶತಮಾನಗಳಿಗೂ ಗುಣಿಸಿಬಿಟ್ಟ. ಉತ್ತರ 94 ಲಕ್ಷ ದಾಟಿತು. ಕೋರ್ಟಿನ ದಾಖಲೆಗಳನ್ನೇ ಎಣಿಸಿದ ಇಂದಿನ ಇತಿಹಾಸಕಾರರ ಅಂದಾಜು 1450ರಿಂದ 1750ರವರೆಗೆ 40ರಿಂದ 60 ಸಾವಿರ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಇದೇನು ಸಣ್ಣ ಸಂಖ್ಯೆಯೇ? ಉಬ್ಬಿಸಿ ಹೇಳುವ ಅಗತ್ಯವೇ ಇಲ್ಲ.

ಕಾಲವೂ ಮಧ್ಯಯುಗವಲ್ಲ. ಈ ಹುಚ್ಚು ತುದಿಗೇರಿದ್ದು 1560ರಿಂದ 1630ರ ನಡುವೆ, ಅಂದರೆ ಗೆಲಿಲಿಯೊ ದೂರದರ್ಶಕ ಹಿಡಿದ ಕಾಲ. ಮರಣದಂಡನೆ ಕೊಟ್ಟವು ಕೂಡ ಬಹುಪಾಲು ಊರಿನ, ಸಂಸ್ಥಾನದ ಮಾಮೂಲಿ ಕೋರ್ಟುಗಳು. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್‌ನ ಸ್ವಂತ ತಾಯಿಯನ್ನು 1620ರಲ್ಲಿ ಮಾಟಗಾತಿ ಎಂದು ಹಿಡಿದು ಹಾಕಿದರು. ಮಗ ಕೆಲಸ ಬಿಟ್ಟು ಓಡಿ ಬಂದ. ಮಾಟವೇ ಸುಳ್ಳು ಎಂದು ಅವನು ವಾದಿಸಲಿಲ್ಲ. ಸಾಕ್ಷಿಗಳ ಒಂದೊಂದು ಮಾತನ್ನೂ ಜಾಲಾಡಿ, ಇದು ಹೊಂದುವುದಿಲ್ಲ, ಅದು ಬರೀ ಗಾಳಿಮಾತು ಎಂದು ತೋರಿಸಿದ. ಮುದುಕಿ ಮರುವರ್ಷ ಬಿಡುಗಡೆಯಾದಳು.

ನಾನು ನಿಮಗೆ ಮುಖ್ಯವಾಗಿ ಹೇಳಬೇಕಿರುವುದು ಇನ್ನೊಬ್ಬನ ಕಥೆ. ಅವನು ಪಾದ್ರಿ. ಅದೂ ಸ್ಪೇನಿನ ಇನ್‌ಕ್ವಿಸಿಷನ್‌ನ, ಅಂದರೆ ಧರ್ಮದ ದಾರಿ ತಪ್ಪಿದವರನ್ನು ವಿಚಾರಿಸುವ ಚರ್ಚಿನ ಕೋರ್ಟಿನ ನ್ಯಾಯಾಧೀಶ! ಹೆಸರು ಅಲೋನ್ಸೊ ದೆ ಸಾಲಸಾರ್.

ಸ್ಪೇನಿನಲ್ಲಿ, ಫ್ರಾನ್ಸಿನ ಗಡಿಗೆ ಹತ್ತಿಕೊಂಡು, ಬಾಸ್ಕ್ ಎಂಬ ಜನಾಂಗದವರ ಸುಗರಮುರ್ದಿ ಎಂಬ ಹಳ್ಳಿ ಇದೆ. 1608ರ ಕೊನೆಗೆ ಒಬ್ಬ ಹುಡುಗಿ ಫ್ರಾನ್ಸಿನಿಂದ ಊರಿಗೆ ಮರಳಿದಳು. ತಾನು ಮಾಟಗಾತಿಯರ ಕೂಟಕ್ಕೆ ಹೋಗಿದ್ದೆ, ಅಲ್ಲಿ ಇಂಥಿಂಥವರನ್ನು ಕಂಡೆ ಎಂದು ಊರವರ ಹೆಸರು ಹೇಳಿದಳು. ಹೆಸರು ಬಂದವರು ಒತ್ತಡ ತಾಳದೆ ಚರ್ಚಿನಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡರು. ಊರು ಕ್ಷಮಿಸಿತು. ಅಲ್ಲಿಗೇ ಮುಗಿಯಬೇಕಿತ್ತು, ಅಲ್ವಾ? ಸುದ್ದಿ ಲೊಗ್ರೋನ್ಯೊ ಪಟ್ಟಣದ ಇನ್‌ಕ್ವಿಸಿಷನ್ ಕಚೇರಿಗೆ ಮುಟ್ಟಿತು. 1610ರ ನವೆಂಬರಿನಲ್ಲಿ ಆರು ಜನರನ್ನು ಜೀವಂತ ಸುಟ್ಟರು. ಇನ್ನೂ ಐದು ಜನ ಅಷ್ಟರಲ್ಲಿ ಸತ್ತಿದ್ದರು. ಅವರ ಬದಲು ಬೊಂಬೆ ಸುಟ್ಟರು.

ತೀರ್ಪು ಕೊಟ್ಟ ಮೂವರಲ್ಲಿ ಸಾಲಸಾರ್ ಕಿರಿಯ. ಆಗಲೇ ಅವನಿಗೆ ಅನುಮಾನವಿತ್ತು. ಮರುವರ್ಷ, ತಾವಾಗಿ ಒಪ್ಪಿಕೊಂಡವರಿಗೆ ಶಿಕ್ಷೆಯಿಲ್ಲ ಎಂಬ ಆದೇಶ ಹಿಡಿದು ಹಳ್ಳಿ ಹಳ್ಳಿ ತಿರುಗಲು ಹೊರಟ. ತಿಂಗಳುಗಟ್ಟಲೆ ಸುತ್ತಿದ. 1,802 ಜನರ ಪ್ರಕರಣ ಅವನ ಮುಂದೆ ಬಂತು. ಅದರಲ್ಲಿ 1,384 ಮಂದಿ ಮಕ್ಕಳು! ದೊಡ್ಡವರನ್ನು ಮಾಟಗಾತಿ ಎನ್ನಲು ಆ ಸೀಮೆಗೆ ಇದ್ದ ಆಧಾರ ಬಹಳಷ್ಟು ಈ ಮಕ್ಕಳ ಮಾತೇ.

ಅವನು ಮಾಡಿದ್ದು ಬಹಳ ಸರಳ. ಕೂಟ ಎಲ್ಲಿ ನಡೆಯಿತು ಎಂದು ಕೇಳಿ, ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಆ ಜಾಗಕ್ಕೆ ಕರೆದೊಯ್ಯುತ್ತಿದ್ದ. ಒಬ್ಬರು ತೋರಿಸಿದ್ದು ಇನ್ನೊಬ್ಬರು ತೋರಿಸಿದ್ದಕ್ಕೆ ತಾಳೆಯಾಗುತ್ತಿರಲಿಲ್ಲ. ಇಂಥ ರಾತ್ರಿ ಇಂಥ ಕಡೆ ಕೂಟ ಸೇರಿತ್ತು ಎಂದು ಮಕ್ಕಳು ಹೇಳಿದರು. ಅದೇ ರಾತ್ರಿ ಅದೇ ಜಾಗದಲ್ಲಿ ಅವನ ಗುಮಾಸ್ತರಿದ್ದರು, ನರಪಿಳ್ಳೆಯೂ ಕಂಡಿರಲಿಲ್ಲ. ಮಾಟದ ಮುಲಾಮು ಎಂದು ಜನ 22 ಕುಡಿಕೆ ತಂದುಕೊಟ್ಟರು. ವೈದ್ಯರಿಂದ ಪರೀಕ್ಷೆ ಮಾಡಿಸಿದ, ಪ್ರಾಣಿಗಳಿಗೆ ತಿನ್ನಿಸಿ ನೋಡಿದ. ಒಂದಕ್ಕೂ ಏನೂ ಆಗಲಿಲ್ಲ. ಕಾಟ ತಾಳಲಾರದೆ ಕೈಗೆ ಸಿಕ್ಕಿದ್ದನ್ನು ಕಲಸಿ ತಂದಿದ್ದರು, ಪಾಪ.

ವರದಿಯಲ್ಲಿ ಅವನು ಬರೆದ ಮಾತಿನ ತಿರುಳು ಇದು: ಮಾಟಗಾತಿಯರ ಬಗ್ಗೆ ಮಾತಾಡಲು, ಬರೆಯಲು ಶುರುಮಾಡುವ ತನಕ ಆ ಸೀಮೆಯಲ್ಲಿ ಮಾಟಗಾತಿಯರೂ ಇರಲಿಲ್ಲ, ಮಾಟಕ್ಕೆ ಸಿಕ್ಕವರೂ ಇರಲಿಲ್ಲ. ಒಂದೂರಿನಲ್ಲಂತೂ ಪ್ರವಚನಕಾರ ಬಂದು ಹೋದ ಮೇಲೆ ಮಕ್ಕಳಿಗೆ ಕೂಟದ ಕನಸು ಬೀಳಲು ಶುರುವಾಗಿತ್ತು. (ಪತ್ರಿಕೆ ನಡೆಸುವ ನಮ್ಮಂಥವರಿಗೂ ಇದು ಚುಚ್ಚುವ ಮಾತೇ.)

ಸಾಲಸಾರ್ ನಾಸ್ತಿಕನಲ್ಲ. ಸೈತಾನ ಇದ್ದಾನೆ ಎಂದು ಅವನೂ ನಂಬಿದ್ದ. ಅವನ ಜೊತೆಗಿದ್ದ ಇಬ್ಬರು ನ್ಯಾಯಾಧೀಶರೂ ಅದನ್ನೇ ನಂಬಿದ್ದರು, ಅವನಷ್ಟೇ ಓದಿದ್ದರು. ತಪ್ಪೊಪ್ಪಿಗೆ ಸಿಕ್ಕಿತಲ್ಲ, ಸಾಕು ಎಂದು ಅವರು ಬಿಟ್ಟರು. ಇವನು ಬಿಡಲಿಲ್ಲ. ಹೌದು, ಆ ಭಯಕ್ಕೆ ಭಾಷೆ ಕೊಟ್ಟಿದ್ದು ಧರ್ಮವೇ. ಮಾಟಗಾತಿಯನ್ನು ಬದುಕಲು ಬಿಡಬೇಡ ಎನ್ನುವ ಸಾಲು ಬೈಬಲಿನಲ್ಲೇ ಇದೆ. ಅದನ್ನು ಮುಚ್ಚಿಡುವುದು ನನ್ನ ಉದ್ದೇಶವಲ್ಲ. ಆದರೆ ಕೊಲೆಗೆ ಬರೀ ನಂಬಿಕೆ ಸಾಲದು, ಪ್ರಶ್ನೆ ಕೇಳದ ಕೋರ್ಟೂ ಬೇಕು. ಇದು ನನ್ನ ವಾದ.

1614ರಲ್ಲಿ ಇನ್‌ಕ್ವಿಸಿಷನ್‌ನ ಮೇಲಿನ ಮಂಡಳಿ ಸಾಲಸಾರ್ ಮಾತಿಗೆ ಮಣಿದು ಹೊಸ ನಿಯಮ ಹೊರಡಿಸಿತು. ಬೆಳೆ ಹಾಳಾಯಿತು, ಮಗು ಸತ್ತಿತು ಎಂದರೆ ಅದು ನಿಜವೇ, ಬೇರೆ ಕಾರಣವಿತ್ತೇ ಎಂದು ಮೊದಲು ವಿಚಾರಿಸಬೇಕು. ಹೇಳಿಕೆ ವಾಪಸ್ ಪಡೆದರೆ ಅದನ್ನೂ ಬರೆದುಕೊಳ್ಳಬೇಕು. ಜರ್ಮನಿಯಲ್ಲಿ ಬೆಂಕಿ ಇನ್ನೂ ಉರಿಯುತ್ತಿದ್ದಾಗ ಸ್ಪೇನಿನ ಇನ್‌ಕ್ವಿಸಿಷನ್ ಮಾಟಗಾತಿಯರನ್ನು ಸುಡುವುದನ್ನು ಹೆಚ್ಚುಕಡಿಮೆ ಕೈಬಿಟ್ಟಿತು.

ಆ ನಿಯಮ ಇನ್‌ಕ್ವಿಸಿಷನ್‌ಗೆ ಮಾತ್ರ ಅನ್ವಯಿಸುತ್ತಿತ್ತು. ಅದೇ ಸ್ಪೇನಿನ ಕ್ಯಾಟಲೋನಿಯದಲ್ಲಿ, ಪಾದ್ರಿಗಳ ಹಂಗಿಲ್ಲದ ಊರ ಕೋರ್ಟುಗಳು 1618ರಿಂದ ನಾಲ್ಕೈದು ವರ್ಷ ಹೆಂಗಸರನ್ನು ಸಾಲಾಗಿ ನೇಣಿಗೆ ಹಾಕಿದವು.