ಟ್ಯಾಂಕ್ ಯಾರು, ಹೀಲರ್ ಯಾರು?

ಪ್ರಶ್ನೆ: ನಾವು ನಾಲ್ವರು ಗೆಳೆಯರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಆಡಲು ಹೊರಟಿದ್ದೇವೆ. ಮೇಜ್, ರೋಗ್, ಹಂಟರ್ ಅಂತ ಮೂವರು ಆಗಲೇ ಕ್ಲಾಸ್ (ಪಾತ್ರದ ಬಗೆ) ಆರಿಸಿಕೊಂಡಿದ್ದಾರೆ. ನಾನು ವಾರ್‌ಲಾಕ್ ತೆಗೆದುಕೊಳ್ಳಲೇ?

ಉತ್ತರ: ತೆಗೆದುಕೊಂಡರೆ ನೀವು ನಾಲ್ವರೂ ಒಟ್ಟಿಗೆ ಡಂಜನ್ ಕ್ಯೂಗೆ (ಗುಂಪಾಗಿ ಕಾದಾಡುವ ಗುಹೆಗಳಿಗೆ ತಂಡ ಕೂಡಿಸುವ ಸರದಿಗೆ) ಸೇರಲಾಗದು. ಅಲ್ಲಿ ಪಾರ್ಟಿಗೆ 5 ಜನ: 1 ಟ್ಯಾಂಕ್ (ಶತ್ರುವಿನ ಏಟು ತಾನು ತಿನ್ನುವವರು), 1 ಹೀಲರ್ (ಗಾಯ ಗುಣಪಡಿಸುವವರು), 3 ಡ್ಯಾಮೇಜ್ (ಹೊಡೆಯುವವರು). ನೀವು ಹೇಳಿದ ನಾಲ್ಕೂ ಕ್ಲಾಸ್ ಬರೀ ಡ್ಯಾಮೇಜಿನವು. ಮೂರು ಜಾಗವನ್ನು ಗೆಳೆಯರು ಹಿಡಿದಾಗಿದೆ. ಉಳಿದಿರುವುದು ಟ್ಯಾಂಕ್ ಇಲ್ಲವೇ ಹೀಲರ್. ಐದನೆಯವರು ಹೊರಗಿನಿಂದ ಬರುತ್ತಾರೆ, ಅವರು ಯಾವುದಾಗಿ ಬಂದರೂ ನೀವು ಇನ್ನೊಂದಾಗಲು ಸಿದ್ಧರಿರಬೇಕು. ಹಾಗಾಗಿ ಎರಡೂ ಕೆಲಸ ಬಲ್ಲ ಪ್ಯಾಲಡಿನ್ ಅಥವಾ ಡ್ರೂಯಿಡ್ ಒಳ್ಳೆಯದು. ಕಾದಾಟದ ನಡುವೆ ಸತ್ತವರನ್ನು ಎಬ್ಬಿಸುವ ಮಂತ್ರವೂ ಎರಡಕ್ಕೂ ಇದೆ.

ಎರಡರಲ್ಲಿ ಯಾವುದು ಎಂದರೆ, ಬ್ಯಾಗಿನ ಲೆಕ್ಕ ನೋಡಿ. ಕಾದಾಟ ಇಲ್ಲದಾಗ ಸ್ಪೆಕ್ (ಕ್ಲಾಸಿನೊಳಗಿನ ಪರಿಣತಿ) ಬದಲಿಸಲು ಖರ್ಚಿಲ್ಲ. ರಕ್ಷಾಕವಚದ ಮುಖ್ಯ ಗುಣವೂ (ಸ್ಟ್ರೆಂತ್, ಅಜಿಲಿಟಿ ಅಥವಾ ಇಂಟೆಲೆಕ್ಟ್) ಸ್ಪೆಕ್‌ಗೆ ತಕ್ಕಂತೆ ತಾನೇ ಬದಲಾಗುತ್ತದೆ. ಆಯುಧ ಮಾತ್ರ ಬದಲಾಗುವುದಿಲ್ಲ. ಪ್ಯಾಲಡಿನ್ ಟ್ಯಾಂಕ್‌ಗೆ ಸ್ಟ್ರೆಂತ್ ಇರುವ ಒಂಟಿ ಕೈಯ ಆಯುಧ ಮತ್ತು ಗುರಾಣಿ, ಹೀಲರ್‌ಗೆ ಇಂಟೆಲೆಕ್ಟ್ ಇರುವ ಆಯುಧ, ಡ್ಯಾಮೇಜ್‌ಗೆ ಎರಡು ಕೈಯಲ್ಲಿ ಹಿಡಿಯುವಂಥದ್ದು: ಮೂರು ಪ್ರತ್ಯೇಕ ಆಯುಧ. ಡ್ರೂಯಿಡ್‌ಗೆ ಎರಡೇ ಸಾಕು. ಅಜಿಲಿಟಿಯ ಆಯುಧ ಟ್ಯಾಂಕ್ ಗಾರ್ಡಿಯನ್ ಮತ್ತು ಹತ್ತಿರದಿಂದ ಹೊಡೆಯುವ ಫೆರಲ್‌ಗೆ ಆಗುತ್ತದೆ, ಇಂಟೆಲೆಕ್ಟ್‌ನದು ಹೀಲರ್ ರೆಸ್ಟೊರೇಶನ್ ಮತ್ತು ದೂರದಿಂದ ಹೊಡೆಯುವ ಬ್ಯಾಲೆನ್ಸ್‌ಗೆ. ಆದರೂ ಒಂದು ಸ್ಪೆಕ್ ಕೈಗೆ ಹತ್ತುವ ತನಕ ಇನ್ನೊಂದನ್ನು ಮುಟ್ಟಬೇಡಿ. ನಾಲ್ಕೂ ಅರ್ಧಂಬರ್ಧ ಕಲಿತ ಡ್ರೂಯಿಡ್‌ಗಿಂತ ವಾರ್‌ಲಾಕೇ ವಾಸಿ.

ಗುಂಪಿನ ವೇಗ 40 ಸೆಕೆಂಡ್ 30% ಹೆಚ್ಚಿಸುವ ಮಂತ್ರಕ್ಕಾಗಿ ಶಾಮನ್ ಎಂಬ ಕ್ಲಾಸ್ ಬೇಕೇಬೇಕು ಎನ್ನುವವರು ಸಿಗುತ್ತಾರೆ. ಅಂಥದ್ದೇ ಮಂತ್ರ ನಿಮ್ಮ ಮೇಜ್ ಹತ್ತಿರವೂ ಇದೆ. ಒಮ್ಮೆ ಬಳಸಿದರೆ 10 ನಿಮಿಷ ಮತ್ತೆ ನಿಮ್ಮ ಮೇಲೆ ಅದು ತಾಗದು, ಆದ್ದರಿಂದ ದಾರಿಯ ಪುಡಿ ಶತ್ರುಗಳ ಮೇಲೆ ಖರ್ಚು ಮಾಡದೆ ಬಾಸ್‌ಗೆ ಉಳಿಸಿಕೊಳ್ಳಲು ಹೇಳಿ.

ಪ್ರಶ್ನೆ: ಫೈನಲ್ ಫ್ಯಾಂಟಸಿ 14ರಲ್ಲಿ ಗ್ಲಾಡಿಯೇಟರ್ ಆಗಿ ಟ್ಯಾಂಕ್ ಮಾಡುತ್ತಿದ್ದೇನೆ. ಶತ್ರುಗಳು ನನ್ನನ್ನು ಬಿಟ್ಟು ಹೀಲರ್ ಕಡೆಗೇ ಓಡುತ್ತವೆ. ಕ್ಲಾಸ್ ಬದಲಿಸಲೇ?

ಉತ್ತರ: ಬೇಡ. ಮೊದಲು ಐರನ್ ವಿಲ್ ಆನ್ ಇದೆಯೇ ನೋಡಿ. 10ನೇ ಲೆವೆಲ್‌ಗೆ ಸಿಗುವ, ಶತ್ರುಗಳನ್ನು ನಿಮ್ಮತ್ತ ಸೆಳೆಯುವ ಈ ಸ್ಟಾನ್ಸ್ ಇಲ್ಲದೆ ಟ್ಯಾಂಕ್ ಕತ್ತಿ ಬೀಸಿದರೂ ಶತ್ರುಗಳು ಲೆಕ್ಕಕ್ಕಿಡುವುದಿಲ್ಲ, ಕ್ಲಾಸ್ ಬದಲಿಸಿ ಮರಳಿದರೆ ಅದು ಆಫ್ ಆಗಿರುತ್ತದೆ. ಹೊಸಬರ ತೊಂದರೆ ಬಹುಪಾಲು ಇಷ್ಟೇ.

ಆನ್ ಇದ್ದರೂ ಓಡಿದರೆ, ನೀವು ಒಂದನ್ನೇ ಹೊಡೆಯುತ್ತಿದ್ದೀರಿ. ಗುಂಪಿನ ನಡುವೆ ನಿಂತು, ಸುತ್ತಲಿನ ಎಲ್ಲವಕ್ಕೂ ತಾಗುವ ಟೋಟಲ್ ಎಕ್ಲಿಪ್ಸ್ ಎರಡು ಸಲ ಬಳಸಿ, ಆಮೇಲೆ ಶತ್ರುಗಳ ಪಟ್ಟಿ ನೋಡಿ. ಹೆಸರಿನ ಪಕ್ಕ ಕೆಂಪು ಚೌಕ ಇದ್ದರೆ ಅದು ನಿಮ್ಮ ಮೇಲಿದೆ. ಬೇರೆ ಗುರುತಿದ್ದರೆ ಅದು ಇನ್ನೊಬ್ಬರ ಬೆನ್ನು ಹತ್ತಿದೆ. ಒಂದೇ ತಪ್ಪಿಸಿಕೊಂಡಿದ್ದರೆ ಅದನ್ನು ನಿಮ್ಮತ್ತ ತಿರುಗಿಸುವ ಪ್ರೊವೋಕ್ ಹಾಕಿ, ಕೂಡಲೇ ಒಂದು ಏಟನ್ನೂ ಕೊಡಿ. ಬರೀ ಪ್ರೊವೋಕ್ ಹಾಕಿ ಸುಮ್ಮನಿದ್ದರೆ ಅದು ಮತ್ತೆ ವಾಪಸ್ ಹೋಗುತ್ತದೆ.

ಹೀಲರ್ ಪರದಾಡುತ್ತಿದ್ದರೆ ರಕ್ಷಣೆಯ ಕೌಶಲಗಳನ್ನು ಒಟ್ಟಿಗೇ ಸುರಿಯುತ್ತಿದ್ದೀರೋ ನೋಡಿ. ರಾಂಪಾರ್ಟ್ 20 ಸೆಕೆಂಡ್ ಏಟಿನ ಬಲವನ್ನು 20% ತಗ್ಗಿಸುತ್ತದೆ, ಮತ್ತೆ ಸಿಗುವುದು 90 ಸೆಕೆಂಡಿಗೆ. ಅದರ ಮೇಲೆ 10% ತಗ್ಗಿಸುವ ರಿಪ್ರೈಸಲ್ ಹಾಕಿದರೆ 100ರಷ್ಟು ಬಲದ ಏಟು 80 ಆಗಿ, ಅದು 72ಕ್ಕೆ ಇಳಿಯುತ್ತದೆ, 70ಕ್ಕಲ್ಲ. ಒಂದು ಮುಗಿದ ಮೇಲೆ ಇನ್ನೊಂದು ಹಾಕಿ.

ಪ್ರಶ್ನೆ: ಅದೇ ಆಟದಲ್ಲಿ ಹೀಲರ್ ಆಗಿ ಆಡಿ ಬೇಸರವಾಗಿದೆ. ಹೊಸ ಪಾತ್ರ ಮಾಡಬೇಕೇ?

ಉತ್ತರ: ಬೇಕಿಲ್ಲ. ಅಲ್ಲಿ ಒಂದೇ ಪಾತ್ರ ಎಲ್ಲ ಕ್ಲಾಸ್‌ಗಳನ್ನೂ ಕಲಿಯಬಹುದು. ಬೇಕಾದ ಕ್ಲಾಸ್ ಕಲಿಸುವ ಗಿಲ್ಡ್‌ನ (ಸಂಘದ) ಮೊದಲ ಕ್ವೆಸ್ಟ್ ಮುಗಿಸಿ, ಕೈಯಲ್ಲಿನ ಆಯುಧ ಬದಲಿಸಿದರಾಯಿತು.