ಸೌದಿಯಲ್ಲಿರುವ ಹಳೆ ಕಾರನ್ನು ಕಲಬುರಗಿಗೆ ತರಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ರಿಯಾದ್‌ನಲ್ಲಿ ಕೆಲಸ ಮುಗಿಸಿ ಆಳಂದಕ್ಕೆ ವಾಪಸ್ ಬರುತ್ತಿದ್ದೀರಿ. ಅಲ್ಲಿ ನಿಮ್ಮ ಹೆಸರಲ್ಲಿ 2016ರ ಕ್ಯಾಮ್ರಿ ಇದೆ. ನಿಮ್ಮ ಸ್ವಂತ ದುಡಿಮೆಯ ಗಾಡಿ, ಮಾರಲು ಮನಸ್ಸಿಲ್ಲ. ಹಡಗಿನಲ್ಲಿ ತಂದು ಕೆಎ-32 ಪಾಸಿಂಗ್ (ಕಲಬುರಗಿ ನಂಬರಿನ ರಿಜಿಸ್ಟ್ರೇಷನ್) ಮಾಡಿಸಬಹುದಾ? ಒಬ್ಬ ಏಜೆಂಟ್ 'ಎಲ್ಲಾ ನಾನು ನೋಡಿಕೊಳ್ಳುತ್ತೇನೆ' ಅನ್ನುತ್ತಿದ್ದಾನೆ, ನಂಬಬಹುದಾ?

ಆಗುವುದಿಲ್ಲ. ನಂಬಬೇಡಿ. ಗಾಡಿಯನ್ನು ಅಲ್ಲೇ ಮಾರಿ ದುಡ್ಡು ತಗೊಂಡು ಬನ್ನಿ.

ನಾನು ಕಲಬುರಗಿಯಲ್ಲಿ ಹಳೆ ಗಾಡಿ ಕೊಡಿಸುವ, ಆರ್‌ಸಿ ಟ್ರಾನ್ಸ್‌ಫರ್, ಎನ್‌ಒಸಿ ಮಾಡಿಸಿಕೊಡುವ ಕೆಲಸ ಮಾಡುತ್ತೇನೆ. ನಮ್ಮ ಕಡೆ ಎಷ್ಟೋ ಓಣಿಗಳಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲಿದ್ದಾರೆ. ಹಾಗಾಗಿ "ಸಾಹೇಬ್ರ, ನಮ್ಮ ತಮ್ಮಂದು ದುಬೈದಾಗ ಒಂದು ಗಾಡಿ ಅದ, ಇಲ್ಲಿ ತರ್ಲಿಕ್ಕ ಬರ್ತದೇನ್ರಿ?" ಅನ್ನುವ ಮಾತು ನನಗೆ ಹೊಸದಲ್ಲ. ಆ ಗಾಡಿಯ ಹಿಂದೆ ಎಷ್ಟು ವರ್ಷದ ಬೆವರು ಇರುತ್ತದೆ ಅಂತ ಗೊತ್ತು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೆ ಕಾರು ಆಮದಿನ ನಿಯಮ ಮಾಡುವುದು ಕೇಂದ್ರ ಸರ್ಕಾರದ ಡಿಜಿಎಫ್‌ಟಿ, ಅಂದರೆ ವಿದೇಶಿ ವ್ಯಾಪಾರ ನೋಡಿಕೊಳ್ಳುವ ಇಲಾಖೆ. 2001ರ ಏಪ್ರಿಲ್‌ನಲ್ಲಿ ಭಾರತ ಕೊನೆಯ 715 ವಸ್ತುಗಳ ಆಮದು ನಿರ್ಬಂಧ ತೆಗೆದಾಗ ಹಳೆ ಕಾರಿಗೂ ಬಾಗಿಲು ತೆರೆಯಿತು. ಆದರೆ ಜೊತೆಗೇ ಷರತ್ತುಗಳನ್ನೂ ಹಾಕಿದರು. ಎಲ್ಲರೂ ಹೇಳುವುದು ಒಂದೇ ಷರತ್ತು: ಗಾಡಿ ತಯಾರಾಗಿ 3 ವರ್ಷ ದಾಟಿರಬಾರದು. ಇದು ರಿಜಿಸ್ಟ್ರೇಷನ್ ಆದ ದಿನದಿಂದ ಅಲ್ಲ, ಫ್ಯಾಕ್ಟರಿಯಲ್ಲಿ ತಯಾರಾದ ದಿನದಿಂದ ಲೆಕ್ಕ. ನಿಮ್ಮ ಗಾಡಿ ಅಲ್ಲಿಗೇ ಬಿತ್ತು.

ಆದರೆ ವಯಸ್ಸಿಗಿಂತ ಮೊದಲು ಸ್ಟೇರಿಂಗ್ ನೋಡಬೇಕು. ಸೌದಿ, ದುಬೈ, ಕತಾರ್, ಕುವೈತ್, ಎಲ್ಲಾ ಕಡೆ ಸ್ಟೇರಿಂಗ್ ಎಡಕ್ಕೆ. ನಮ್ಮ ನಿಯಮದ ಪ್ರಕಾರ ಒಳಗೆ ಬರುವ ಹಳೆ ಕಾರಿನ ಸ್ಟೇರಿಂಗ್ ಬಲಕ್ಕೇ ಇರಬೇಕು. ಅಂದರೆ ಹೋದ ವರ್ಷ ತಗೊಂಡ ಗಾಡಿಯಾದರೂ ಗಲ್ಫ್‌ನದು ಇಲ್ಲಿ ಬರುವುದಿಲ್ಲ. ಇದನ್ನು ಮಾತ್ರ ಯಾವ ಏಜೆಂಟನೂ ಮೊದಲು ಹೇಳುವುದಿಲ್ಲ.

ಇದು ಸುಮ್ನೆ ಕಾಗದದ ಕಿರಿಕಿರಿ ಅಂದುಕೊಳ್ಳಬೇಡಿ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವಾಗ ಮುಂದೆ ಕಬ್ಬಿನ ಟ್ರ್ಯಾಕ್ಟರೋ ಶಹಾಬಾದ್ ಕಲ್ಲಿನ ಲಾರಿಯೋ ಇರುತ್ತದೆ. ಎಡಗಡೆ ಕೂತವನಿಗೆ ಎದುರಿನಿಂದ ಏನು ಬರುತ್ತಿದೆ ಅಂತ ಕಾಣಬೇಕಾದರೆ ಅರ್ಧ ಗಾಡಿ ಹೊರಗೆ ಹಾಕಬೇಕು. ಹೆಡ್‌ಲೈಟ್‌ದೂ ಅದೇ ಕಥೆ. ಬಲಗಡೆ ಓಡುವ ದೇಶದ ಗಾಡಿಯಲ್ಲಿ ಡಿಪ್ ಮಾಡಿದಾಗ ಬೆಳಕು ಬಲಕ್ಕೆ, ರಸ್ತೆಯ ಅಂಚಿನ ಕಡೆಗೆ ಚೆಲ್ಲುತ್ತದೆ. ಅದೇ ಗಾಡಿ ನಮ್ಮ ರಸ್ತೆಯಲ್ಲಿ ಓಡಿದರೆ ಆ ಬೆಳಕು ನೇರ ಎದುರಿನವನ ಕಣ್ಣಿಗೆ. ಅದಕ್ಕೇ ಹೆಡ್‌ಲೈಟ್ ಎಡಬದಿಯ ಸಂಚಾರಕ್ಕೆ ಹೊಂದುವಂತಿರಬೇಕು ಅಂತ ಪ್ರತ್ಯೇಕವಾಗಿ ಬರೆದಿದ್ದಾರೆ. ರಾತ್ರಿ ಬೈಕ್ ಮೇಲೆ ಊರಿಗೆ ಹೋಗುವ ಹುಡುಗರನ್ನು ನೆನಸಿಕೊಂಡರೆ ಈ ನಿಯಮಕ್ಕೆ ನಾನು ಕೈ ಮುಗಿಯುತ್ತೇನೆ.

ಸ್ಟೇರಿಂಗ್ ಇಲ್ಲಿ ಬದಲಾಯಿಸಿದರೆ ಆಯ್ತಲ್ವಾ ಅಂತ ಕೇಳುವವರಿದ್ದಾರೆ. ಬಂದರಿಗೆ ಬರುವಾಗಲೇ ಬಲಕ್ಕಿರಬೇಕು. ಇಲ್ಲಿ ಬಂದ ಮೇಲೆ ಕಂಪನಿ ಮಾಡಿದ ಮೂಲ ರಚನೆಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ.

ಸರಿ, ನಿಮ್ಮ ಅಣ್ಣನೋ ಮಾವನೋ ಜಪಾನ್‌ನಲ್ಲೋ ಬ್ರಿಟನ್‌ನಲ್ಲೋ ಇದ್ದಾರೆ, ಬಲಗಡೆ ಸ್ಟೇರಿಂಗ್‌ನ ಗಾಡಿಗೆ ಇನ್ನೂ 3 ವರ್ಷ ತುಂಬಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಹಳೆ ಕಾರು ಇಳಿಯಬಹುದಾದ ಬಂದರು ಮುಂಬೈ ಮಾತ್ರ. ಚೆನ್ನೈ, ಕೊಚ್ಚಿ ಎಲ್ಲಾ ಹೊಸ ಗಾಡಿಗೆ. ಹಡಗು ಹತ್ತುವ ಮೊದಲು ಅಲ್ಲಿ ತಪಾಸಣೆಯ ಸರ್ಟಿಫಿಕೇಟ್ ಬೇಕು. ಇಳಿದ ಮೇಲೆ ಪುಣೆಯ ಎಆರ್‌ಎಐ, ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ವಿಆರ್‌ಡಿಇ ಅಥವಾ ಮಧ್ಯಪ್ರದೇಶದ ಬುಧನಿಯ ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಪಾಸಾಗಬೇಕು. ಇನ್ನೂ 5 ವರ್ಷ ಓಡುವ ಸ್ಥಿತಿಯಲ್ಲಿರಬೇಕು, ಅಷ್ಟು ವರ್ಷ ಸರ್ವಿಸ್ ಸಿಗುವ ಭರವಸೆಯೂ ಬೇಕು.

ಈಗ ದುಡ್ಡಿನ ಮಾತು. ಜನ ಎಡವುವುದು ಇಲ್ಲೇ. 'ಹಳೆ ಗಾಡಿ, 4 ಲಕ್ಷಕ್ಕೆ ತಗೊಂಡೆ, ಅದರ ಮೇಲೆ ಟ್ಯಾಕ್ಸ್ ಎಷ್ಟಾದೀತು' ಅನ್ನುತ್ತಾರೆ. ಕಸ್ಟಮ್ಸ್‌ನವರು ನೀವು ಕೊಟ್ಟ ಬೆಲೆ ಹಿಡಿದು ಕೂರುವುದಿಲ್ಲ. ಆ ಮಾಡೆಲ್ ಹೊಸದಾಗಿದ್ದಾಗ ಎಷ್ಟಿತ್ತು ಅಂತ ನೋಡಿ, ಅದರಿಂದ ಸವಕಳಿ ಕಳೆಯುತ್ತಾರೆ. ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ 4%, ಎರಡನೇ ವರ್ಷ 3%, ಮೂರನೇ ವರ್ಷ 2.5%. ಮೂರು ವರ್ಷ ತುಂಬಿದರೂ ಒಟ್ಟು ಕಡಿಮೆಯಾಗುವುದು 38% ಮಾತ್ರ.

ಒಂದು ಲೆಕ್ಕ ಹಾಕೋಣ. ಹೊಸದಾಗಿದ್ದಾಗ 15 ಲಕ್ಷದ ಕಾರು. 38% ಕಳೆದರೆ 9.3 ಲಕ್ಷ. ಸಾಗಣೆ, ವಿಮೆ ಸೇರಿ 10 ಲಕ್ಷ ಅಂತ ಹಿಡಿಯಿರಿ. 2025ರ ಬಜೆಟ್ ಆದಮೇಲೆ ಹಳೆ ಕಾರಿಗೆ ಮೂಲ ಸುಂಕ 70%, ಅದರ ಜೊತೆ ಕೃಷಿ ಮೂಲಸೌಕರ್ಯ ಸೆಸ್ 67.5%. ಎರಡೂ ಕೂಡಿ 137.5%, ಅಂದರೆ 13.75 ಲಕ್ಷ. ಪೇಪರ್‌ನಲ್ಲಿ 'ಸುಂಕ 125ರಿಂದ 70ಕ್ಕೆ ಇಳಿಯಿತು' ಅಂತ ಓದಿ ಖುಷಿಪಟ್ಟವರಿಗೆ ನಾನು ಇದನ್ನೇ ತೋರಿಸುತ್ತೇನೆ. ಮೊದಲು 125ರ ಮೇಲೆ ಸರ್‌ಚಾರ್ಜ್ ಸೇರಿ ಆಗುತ್ತಿದ್ದುದೂ ಅದೇ 137.5.

ಇಲ್ಲಿಗೆ 23.75 ಲಕ್ಷ ಆಯ್ತು. ಇದರ ಮೇಲೆ ಜಿಎಸ್‌ಟಿ. ದೊಡ್ಡ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ 40%, ಅಂದರೆ 9.5 ಲಕ್ಷ. ಒಟ್ಟು 33.25 ಲಕ್ಷ. ಅದರಲ್ಲಿ 23.25 ಲಕ್ಷ ಬರೀ ತೆರಿಗೆ! ಇನ್ನೂ ಕಲಬುರಗಿ ಆರ್‌ಟಿಒ ಮೆಟ್ಟಿಲು ಹತ್ತಿಲ್ಲ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿನ ಲೈಫ್ ಟ್ಯಾಕ್ಸ್ 18%, ಅದಕ್ಕೆ ಸೆಸ್ ಬೇರೆ. ದೇಶದಲ್ಲೇ ಲೈಫ್ ಟ್ಯಾಕ್ಸ್ ಜಾಸ್ತಿ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು.

'ನಾನು ಕಾಯಂ ವಾಪಸ್ ಬರುತ್ತಿದ್ದೇನೆ, ಮನೆ ಸಾಮಾನಿನ ಜೊತೆ ಗಾಡಿಗೂ ರಿಯಾಯಿತಿ ಇದೆಯಂತೆ' ಅಂತಲೂ ಕೇಳಿದ್ದೀರಿ. ಫ್ರಿಜ್, ವಾಷಿಂಗ್ ಮಷೀನ್, ಟಿವಿಗೆ ಆ ರಿಯಾಯಿತಿ ಇದೆ. ಗಾಡಿಗೆ ಇಲ್ಲ. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ 'ಬ್ಯಾಗೇಜ್' ಅಂದರೆ ಏನು ಅಂತ ಹೇಳುವಾಗಲೇ ಮೋಟಾರು ವಾಹನ ಅದರಲ್ಲಿ ಸೇರುವುದಿಲ್ಲ ಅಂತ ಬರೆದುಬಿಟ್ಟಿದ್ದಾರೆ. ಪ್ರವಾಸಿಗರು ಕಾರ್ನೆ ಅನ್ನುವ ಕಾಗದದ ಮೇಲೆ ತಾತ್ಕಾಲಿಕವಾಗಿ ಗಾಡಿ ತರುತ್ತಾರಲ್ಲ, ಅದನ್ನು ಅವಧಿಯೊಳಗೆ ತಿರುಗಿ ಒಯ್ಯಲೇಬೇಕು. ಅದು ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಹಾಗಾದರೆ ನಿಮ್ಮ ಏಜೆಂಟ್ ಯಾವ ಧೈರ್ಯದ ಮೇಲೆ ಮಾತಾಡುತ್ತಿದ್ದಾನೆ? ಸಾಮಾನ್ಯವಾಗಿ ಎರಡು ದಾರಿ ಹೇಳುತ್ತಾರೆ. ಒಂದು, 'ಗಾಡಿ ಬರಲಿ, ಹಿಡಿದರೆ ದಂಡ ಕಟ್ಟಿ ಬಿಡಿಸೋಣ'. ದಂಡ ಕಟ್ಟಿ ಬಿಡಿಸುವ ಅವಕಾಶ ಕಾಯ್ದೆಯಲ್ಲಿ ಇದೆ, ನಿಜ. ಆದರೆ ನಿಷೇಧಿತ ಮಾಲಿಗೆ ಆ ಅವಕಾಶ ಕೊಡಬೇಕೋ ಬೇಡವೋ ಅನ್ನುವುದು ಅಧಿಕಾರಿಗೆ ಬಿಟ್ಟದ್ದು. ನಿಮ್ಮ ಹಕ್ಕಲ್ಲ. ಕೇಸು ನಡೆಯುವಷ್ಟು ದಿನ ಬಂದರಿನ ಬಾಡಿಗೆ ಏರುತ್ತಲೇ ಇರುತ್ತದೆ. ಕೊನೆಗೆ ಬಿಟ್ಟರೂ ಮೇಲೆ ಹೇಳಿದ ಸುಂಕ ತಪ್ಪುವುದಿಲ್ಲ.

ಇನ್ನೊಂದು ದಾರಿ ಇದಕ್ಕಿಂತ ಕೆಟ್ಟದ್ದು: ಪಕ್ಕದ ದೇಶದಿಂದ ನುಸುಳಿಸಿ, ಸುಳ್ಳು ಕಾಗದದ ಮೇಲೆ ಬೇರೆ ರಾಜ್ಯದಲ್ಲಿ ಪಾಸಿಂಗ್ ಮಾಡಿಸುವುದು. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು 'ಆಪರೇಷನ್ ನುಮ್ಖೋರ್' ಅಂತ ದಾಳಿ ಮಾಡಿದ್ದು ಇಂಥದ್ದಕ್ಕೇ. ಭೂತಾನ್ ಮೂಲಕ ಬಂದವು ಅಂತ ಹೇಳಿ ಗಾಡಿಗಳನ್ನು ಜಪ್ತಿ ಮಾಡಿದರು. ಮಾರಿದವನು ಎಲ್ಲೋ ಇರುತ್ತಾನೆ. ಗಾಡಿ ಹೋಗುವುದು ಕೊಂಡವನ ಮನೆ ಅಂಗಳದಿಂದ.

ಈ ನಿಯಮ ನ್ಯಾಯವಾ ಅಂತ ಕೊನೆಗೆ ಒಂದು ಸಾಲು ಕೇಳಿದ್ದೀರಿ. ವಯಸ್ಸಿನ ಮಿತಿ ಬೇಕೇ ಬೇಕು ಅನ್ನುವವನು ನಾನು. ವಿಶ್ವಸಂಸ್ಥೆಯ ಪರಿಸರ ಸಂಸ್ಥೆ 2020ರಲ್ಲಿ ಕೊಟ್ಟ ವರದಿಯ ಪ್ರಕಾರ 2015ರಿಂದ 2018ರ ನಡುವೆ 1.4 ಕೋಟಿ ಹಳೆ ಗಾಡಿಗಳು ಯುರೋಪ್, ಜಪಾನ್, ಅಮೆರಿಕದಿಂದ ಹೊರಗೆ ಹೋದವು. ಹೆಚ್ಚಿನವು ಬಡ ಮತ್ತು ಮಧ್ಯಮ ವರಮಾನದ ದೇಶಗಳಿಗೆ, ಅದರಲ್ಲೂ ಎಲ್ಲಕ್ಕಿಂತ ಜಾಸ್ತಿ ಆಫ್ರಿಕಾಕ್ಕೆ. ಅಲ್ಲಿ ಓಡಿಸಬಾರದು ಅಂತ ಬಿಟ್ಟದ್ದನ್ನು ಇಲ್ಲಿ ಓಡಿಸುವುದು ಯಾವ ಲಾಭ? 2020ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಗಾಡಿಗೆ ಬಿಎಸ್-6 ಅನ್ನುವ ಹೊಗೆ ಮಿತಿಯ ನಿಯಮ ಕಡ್ಡಾಯ. ಅದರ ಪಕ್ಕದಲ್ಲೇ ಹೊಗೆ ಉಗುಳುವ ಹಳೆ ಗಾಡಿಗಳ ರಾಶಿ ಬಂದು ಬಿದ್ದರೆ ಕಲಬುರಗಿಯ ಧೂಳಿಗೆ ಅದೊಂದು ಸೇರ್ಪಡೆ.

ಆದರೆ ಮೂರೇ ವರ್ಷ ಯಾಕೆ ಅನ್ನುವುದು ನನಗೆ ಒಪ್ಪಿಗೆಯಾಗಿಲ್ಲ. ಬಾಂಗ್ಲಾದೇಶ 5 ವರ್ಷದವರೆಗೆ ಬಿಡುತ್ತದೆ, ಕೀನ್ಯಾ 8 ವರ್ಷ. ನ್ಯೂಜಿಲೆಂಡ್‌ನವರು ಗಾಡಿಯ ಹೊಗೆಯ ಮಟ್ಟ, ಸುರಕ್ಷತೆ ನೋಡಿ ಒಳಗೆ ಬಿಡುತ್ತಾರೆ. ನಮ್ಮಲ್ಲೂ ಹುಟ್ಟಿದ ದಿನ ನೋಡುವ ಬದಲು ಹೊಗೆ ಎಷ್ಟು ಬಿಡುತ್ತದೆ, ಬ್ರೇಕ್ ಹೇಗಿದೆ ಅಂತ ನೋಡಬಹುದಿತ್ತು. ಇನ್ನು 137.5% ಸುಂಕ ಪರಿಸರಕ್ಕಾಗಿ ಅಲ್ಲ, ಇಲ್ಲಿನ ಕಾರು ಕಂಪನಿಗಳನ್ನು ಕಾಯಲು. ಹತ್ತು ವರ್ಷ ಬಿಸಿಲಲ್ಲಿ ದುಡಿದು ಊರಿಗೆ ದುಡ್ಡು ಕಳಿಸಿದ ಮನುಷ್ಯ ತನ್ನ ಬಳಕೆಗೆ ಒಂದೇ ಒಂದು ಗಾಡಿ ತರುತ್ತೇನೆ ಅಂದರೆ, ಅವನಿಗೂ ವ್ಯಾಪಾರಿಗೂ ಒಂದೇ ಸುಂಕ ಹಾಕುವುದು ಸರಿಯಲ್ಲ. ಇದನ್ನು ನಮ್ಮ ಎಂಪಿಗಳು ಕೇಳಬೇಕು. ನೀವೂ ಅವರನ್ನು ಕೇಳಿ.

ಊರಿಗೆ ಬಂದ ಮೇಲೆ ಗಾಡಿ ಬೇಕೇ ಬೇಕಲ್ಲ, ಆಳಂದಕ್ಕೆ ಸೊಲ್ಲಾಪುರ ಹತ್ತಿರ, ಹೈದರಾಬಾದ್ ಕೂಡ ದೂರವಲ್ಲ. ಎರಡೂ ಕಡೆ ಒಳ್ಳೆ ಗಾಡಿ ಸಿಗುತ್ತವೆ. ಎಂಎಚ್ ಅಥವಾ ಟಿಜಿ ಪಾಸಿಂಗ್ ಇದ್ದರೆ ಎನ್‌ಒಸಿ ತಂದು ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು ಅನ್ನುವುದನ್ನು ಬೆಲೆ ಮಾತಾಡುವ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಹೈದರಾಬಾದ್‌ನಲ್ಲಿ ಹಳೆ ಫಾರಿನ್ ಗಾಡಿ ಅಗ್ಗಕ್ಕೆ ತೋರಿಸುತ್ತಾರೆ, ಆಸೆ ಆಗುತ್ತದೆ. 15 ವರ್ಷ ಆದಮೇಲೆ ಮಾಮೂಲಿ ಕಾರಿನ ಆರ್‌ಸಿ ನವೀಕರಣಕ್ಕೆ 5,000 ರೂಪಾಯಿ, ಆಮದು ಕಾರಿಗೆ 40,000. 2025ರ ಆಗಸ್ಟ್‌ನಲ್ಲಿ ಬಂದ ಬದಲಾವಣೆಯಿಂದ 20 ವರ್ಷ ದಾಟಿದ ಆಮದು ಕಾರಿಗೆ ಅದು 80,000. ಅಂಥ ಗಾಡಿ ನೋಡಲೇಬೇಕು ಅನ್ನಿಸಿದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ) ಕೇಳಿ, ಅದರಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನ ನಂಬರಿಗೆ ಹೋಲಿಸಿ ನೋಡಿ. ಆ ಕಾಗದ ಇಲ್ಲ ಅಂದರೆ ಅಡ್ವಾನ್ಸ್ ಕೊಡಬೇಡಿ. ಈಗಿನ ನಿಮ್ಮ ಏಜೆಂಟನಿಗೂ ಅಷ್ಟೇ.